ಅವಮಾನ ಮನೆಗೆ ಬಂದಾಗ

ಮನಶ್ಶಾಸ್ತ್ರ ಕಲಿಯಲು ಬಂದವರಿಗೆ ನಾನು ಮೊದಲು ಓದಿಸುವುದು ಆತ್ಮಕಥೆಯೊಂದನ್ನು: ನಮ್ಮ ಮುದ್ದೇಬಿಹಾಳದಲ್ಲೇ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’. ಹೆಣದ ಮೇಲೆ ತೂರಿದ ಕಾಸು ಆಯುವ ದಲಿತ ಮಕ್ಕಳು ಅದರಲ್ಲಿ ಬರುತ್ತಾರೆ. ಓದಿದರೆ ಸಿಟ್ಟು ಬರುತ್ತದೆ, ಬರಲೇಬೇಕು. ಸಂಶೋಧಕರಿಗೆ ಇನ್ನೂ ಒಂದು ಕೆಲಸವಿದೆ. ಆ ಮಗುವಿನ ಮನಸ್ಸಿನಲ್ಲಿ ಏನು ಉಳಿಯಿತು, ಮನೆಯವರು ಏನಂದರು ಎಂದು ಅವರು ಕೇಳಬೇಕು.

ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಮೈಬಣ್ಣದ ವಿಷಯದಲ್ಲಿ ಇದನ್ನೇ ಕೇಳಿದರು. ಬಣ್ಣವೊಂದು ಬಿಟ್ಟರೆ ಎಲ್ಲದರಲ್ಲೂ ಒಂದೇ ತೆರನಾದ ಗೊಂಬೆಗಳನ್ನು 253 ಕಪ್ಪು ಮಕ್ಕಳ ಮುಂದಿಟ್ಟರು. ‘ಯಾವುದರ ಜೊತೆ ಆಡುತ್ತೀ?’ ಎಂದರೆ ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆ ತೋರಿಸಿದರು. ‘ನಿನ್ನ ಹಾಗಿರುವುದು ಯಾವುದು?’ ಎಂದಾಗ ಕೆಲವರು ಅತ್ತರು, ಕೆಲವರು ಎದ್ದು ಓಡಿದರು. 1947ರಲ್ಲಿ ಪ್ರಕಟವಾದ ಅಧ್ಯಯನವಿದು. ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಶಾಲೆ ನಡೆಸುವುದು ತಪ್ಪೆಂದು 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು.

ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿ ಕೂತಿದೆ. ಸಂಶೋಧಕಿಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಒಗಟು ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಎಲ್ಲರೂ ಸರಿಸಮ ಬಿಡಿಸಿದರು. ಎಲ್ಲರೆದುರು ಜಾತಿ ಹೇಳಿದ್ದೇ ತಡ, ಕೆಳಜಾತಿಯೆನಿಸಿಕೊಂಡ ಮಕ್ಕಳು ಹಿಂದೆ ಬಿದ್ದರು. ಬುದ್ಧಿ ಅಷ್ಟರಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಹಾಜರಿ ಕರೆಯುವಾಗ ಜಾತಿ ಎತ್ತುವ ಮಾಸ್ತರರು ಇದನ್ನು ಓದಬೇಕು.

ಇನ್ನು ಕುಟುಂಬ. ಹೊರಗೆ ಮಾತು ಕೇಳಿ ಬಂದ ತಾಯಿಗೆ ರಾತ್ರಿ ನಿದ್ದೆಯಿಲ್ಲ, ಗಂಡನೊಡನೆ ಜಗಳ, ಮಗನ ಮೇಲೆ ಸಿಡುಕು. ಭೇದಭಾವ ಹೀಗೆ ದುಡಿದು ದಣಿದವರ ಬೆನ್ನು ಹತ್ತಿ ಹೊಸ್ತಿಲು ದಾಟುತ್ತದೆ. ವೆಲ್ಮಾ ಮರ‍್ರಿ ಮತ್ತು ಸಂಗಡಿಗರು ಆಫ್ರಿಕನ್ ಅಮೆರಿಕನ್ ತಾಯಂದಿರಲ್ಲಿ ಕಂಡದ್ದೂ ಇದನ್ನೇ: ಭೇದಭಾವ ಹೆಚ್ಚು ಉಂಡವರಲ್ಲಿ ಉಳಿದ ಕಷ್ಟಗಳ ಪೆಟ್ಟೂ ಜೋರಾಗಿ ಬೀಳುತ್ತದೆ. ಆದರೆ ಮನೆಯೇ ಮದ್ದೂ ಆಗಬಲ್ಲದು. ‘ಅವರ ಓಣಿಗೆ ಹೋಗಬ್ಯಾಡ’ ಎಂದಷ್ಟೇ ಹೇಳಿದರೆ ಮಗುವಿಗೆ ಅಂಜಿಕೆ ಕಲಿಸಿದಂತೆ. ‘ತಪ್ಪು ಅವರದು, ನಿಂದಲ್ಲ’ ಎಂದು ಹೇಳಿ, ತಮ್ಮವರ ಹೆಮ್ಮೆಯ ಕಥೆಗಳನ್ನೂ ಹೇಳುವ ಮನೆಯ ಮಕ್ಕಳು ಹೆಚ್ಚು ಗಟ್ಟಿಯಾಗಿರುತ್ತಾರೆ.

ನೀವು ಇಂಥ ಮನೆಗಳಿಗೆ ಸಂದರ್ಶನಕ್ಕೆ ಹೊರಟರೆ ಅವ್ವನನ್ನು ಅತ್ತೆಯೆದುರು ಕೂರಿಸಿ ಕೇಳಬೇಡಿ. ಜಾತಿಯ ಪ್ರಶ್ನೆಯಿಂದ ಶುರು ಮಾಡಬೇಡಿ. ಮಳೆ, ತೊಗರಿ, ಸಾಲಿ ಅಂತ ಮಾತು ಹತ್ತಲಿ. ಕಣ್ಣೀರು ಬಂದರೆ ನೋಟ್‌ಬುಕ್ ಮುಚ್ಚಿ ಸುಮ್ಮನೆ ಕೂತಿರಿ. ಏಳುವ ಮುಂಚೆ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಬರೆದುಕೊಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.