ಹಿರಿಯರ ಮನಸ್ಸಿನ ಗಾಯ: ವೃದ್ಧಾಶ್ರಮದಲ್ಲಿ ಆರೈಕೆ ಹೇಗಿರಬೇಕು?

ಸ್ನಾನಕ್ಕೆ ಕರೆದರೆ ಚೀರುವುದು, ಡೈಪರ್ ಬದಲಿಸುವವರ ಕೈ ತಳ್ಳುವುದು, ಬಾಗಿಲು ಹಾಕಿದೊಡನೆ ಕಂಗಾಲಾಗುವುದು. ವೃದ್ಧಾಶ್ರಮಗಳಲ್ಲಿ ಹೀಗೆ ಮಾಡುವವರಿಗೆ ‘ಹಠಮಾರಿ’ ಎಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. ಆದರೆ ಗಂಡನ ಹೊಡೆತ, ಲೈಂಗಿಕ ದೌರ್ಜನ್ಯ, ಪ್ರವಾಹಕ್ಕೆ ಕೊಚ್ಚಿಹೋದ ಮನೆ, ಕೋವಿಡ್‌ನಲ್ಲಿ ಮುಖವನ್ನೂ ನೋಡಲಾಗದೆ ಕಳೆದುಕೊಂಡ ಸಂಗಾತಿ, ಇಂಥ ಆಘಾತಗಳ ಭಯ ಎಷ್ಟೋ ವರ್ಷಗಳ ನಂತರವೂ ಮರುಕಳಿಸಬಹುದು. ಮರೆವಿನ ಕಾಯಿಲೆಯಾದ ಡಿಮೆನ್ಷಿಯಾದಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಅಳಿಯುತ್ತದೆ. ಆಗ ಹಳೆಯ ಘಟನೆ ಈಗಲೇ ನಡೆಯುತ್ತಿದೆ ಎನಿಸಬಹುದು.

ಅಮೆರಿಕದಲ್ಲಿ ಸರ್ಕಾರಿ ಆರೋಗ್ಯ ಯೋಜನೆಗಳಾದ ಮೆಡಿಕೇರ್, ಮೆಡಿಕೇಡ್ ಮಾನ್ಯತೆಯ ಹಿರಿಯರ ಆರೈಕೆ ಕೇಂದ್ರಗಳು ನಿವಾಸಿಗಳ ಆಘಾತದ ಹಿನ್ನೆಲೆ ಅರಿತೇ ಆರೈಕೆ ಮಾಡಬೇಕೆಂಬ ನಿಯಮ 2019ರ ನವೆಂಬರ್‌ನಿಂದ ಜಾರಿಯಲ್ಲಿದೆ. ನಮ್ಮ ಆಶ್ರಮಗಳೂ ಹೀಗೆ ಶುರು ಮಾಡಬಹುದು.

1. ಮೊದಲು ದೇಹ ನೋಡಿ. ನಡವಳಿಕೆ ದಿಢೀರನೆ ಬದಲಾದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಅಥವಾ ಹೊಸ ಮಾತ್ರೆ ಕಾರಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

2. ಕೆದಕಬೇಡಿ. “ನಿಮಗೆ ಏನು ಮಾಡಿದರೆ ಭಯವಾಗುತ್ತೆ? ಏನು ಮಾಡಿದರೆ ಸಮಾಧಾನ?” ಸೇರಿಸಿಕೊಳ್ಳುವಾಗ ಇಷ್ಟು ಕೇಳಿದರೆ ಸಾಕು. ತಾವಾಗಿ ಹೇಳಿಕೊಂಡರೆ ಕುಳಿತು ಕೇಳಿ. “ಆಗಿದ್ದಾಯ್ತು, ಬಿಡಿ ಅಜ್ಜಿ” ಎಂದು ಮಾತು ಮುರಿಯಬೇಡಿ.

3. ಗಮನಿಸಿ, ಬರೆದಿಡಿ. ಗಾಬರಿಯಾದದ್ದು ಯಾವ ಹೊತ್ತಿನಲ್ಲಿ? ಪಕ್ಕದಲ್ಲಿ ಯಾರಿದ್ದರು? ಏನು ಸದ್ದಾಯಿತು? ನಾಲ್ಕಾರು ಸಲ ಬರೆದಾಗ ಕಾರಣದ ಸುಳಿವು ಸಿಗುತ್ತದೆ. ಫೈಲಿನಲ್ಲಿ “ಹಿಂದಿನಿಂದ ಮುಟ್ಟಬೇಡಿ”, “ರಾತ್ರಿ ಸಣ್ಣ ದೀಪ ಇರಲಿ” ಎಂದಷ್ಟೇ ಇದ್ದರೆ ಸಾಕು. ಅವರ ಬದುಕಿನ ಕಥೆ ಎಲ್ಲರ ಬಾಯಿಗೆ ಬೀಳಬಾರದು. ಫೈಲಿನ ಸೂಚನೆಗಳನ್ನು ರಾತ್ರಿ ಪಾಳಿಯವರೂ ಓದಿರಲಿ.

4. ಹೇಳಿ, ಕೇಳಿ, ಆಮೇಲೆ ಮುಟ್ಟಿ. ಎದುರಿನಿಂದ ಬಂದು ನಿಮ್ಮ ಹೆಸರು ಹೇಳಿ. “ಅಜ್ಜಿ, ಈಗ ಬೆನ್ನಿಗೆ ನೀರು ಹಾಕಲೇ?” ಎಂದು ಕೇಳಿ. ಮೈಮೇಲೆ ಟವೆಲ್ ಹೊದಿಸಿ, ಒಂದೊಂದೇ ಭಾಗ ತೊಳೆಯಿರಿ. ಸೋಪು ಹಚ್ಚಿಕೊಳ್ಳಲು ಬಂದರೆ ಅವರ ಕೈಗೇ ಕೊಡಿ. ಬೇಡವೆಂದರೆ ನಿಲ್ಲಿಸಿ. ಸ್ನಾನ ಸಂಜೆಗೂ ಆಗಬಹುದು, ಒದ್ದೆ ಬಟ್ಟೆಯಿಂದ ಮೈ ಒರೆಸಿದರೂ ನಡೆಯುತ್ತದೆ.

5. ಭಯ ಉಕ್ಕಿದಾಗ ವಾದ ಬೇಡ. ಒಬ್ಬರೇ ಮಾತಾಡಿ, ಸುತ್ತ ನಿಂತವರನ್ನು ಕಳಿಸಿ, ಟಿವಿ ನಿಲ್ಲಿಸಿ. “ನಾನಿದ್ದೇನೆ, ನೀವು ಆಶ್ರಮದಲ್ಲಿದ್ದೀರಿ” ಎಂದು ಮೆಲ್ಲಗೆ ಹೇಳಿ. ಕೈಕಾಲು ಕಟ್ಟುವುದು, ಕೋಣೆಯಲ್ಲಿ ಕೂಡಿಹಾಕುವುದು ಹಳೆಯ ಗಾಯವನ್ನೇ ಮತ್ತೆ ಬಗೆದಂತೆ. ದೀಪಾವಳಿಯ ಪಟಾಕಿ ಸದ್ದಿನ ಬಗ್ಗೆ ಮೊದಲೇ ತಿಳಿಸಿ, ಆ ಹೊತ್ತು ಜೊತೆಗಿರಿ.

6. ನೆರವು ಪಡೆಯಿರಿ. ನಿದ್ದೆ, ಊಟ ಕೆಟ್ಟರೆ ಅಥವಾ ಸಾಯುವ ಮಾತಾಡಿದರೆ ಮನೋವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416. ಹಿರಿಯರ ಸಹಾಯವಾಣಿ 14567. ಎರಡಕ್ಕೂ ಕರೆ ಉಚಿತ. ಆರೈಕೆ ಮಾಡುವ ಆಯಾಗಳಿಗೂ ಬಿಡುವು, ಮಾತಾಡಿಕೊಳ್ಳಲು ಜಾಗ ಬೇಕು.

ಕೈ ಸಾಲದ ಕಡೆ ಎಷ್ಟೇ ಒಳ್ಳೆಯ ಆಯಾ ಇದ್ದರೂ ಅವಸರವೇ ಗೆಲ್ಲುತ್ತದೆ. ಆದ್ದರಿಂದ ಆಶ್ರಮ ಆರಿಸುವ ಮಕ್ಕಳು ಕಟ್ಟಡ ನೋಡುವ ಮೊದಲು ಮೂರು ಪ್ರಶ್ನೆ ಕೇಳಬೇಕು: ರಾತ್ರಿ ಎಷ್ಟು ಜನ ಇರುತ್ತಾರೆ? ಸ್ನಾನ ಮಾಡಿಸುವವರು ಹೆಣ್ಣೋ ಗಂಡೋ ಎಂದು ಹಿರಿಯರೇ ಆರಿಸಬಹುದೇ? ಅವರು ಬೇಡವೆಂದಾಗ ಇಲ್ಲಿ ಏನು ಮಾಡುತ್ತಾರೆ?