ಎಂಟು ಮನೆ ಸೇರಿದರೆ ಒಂದು ಹಾಸು: ಹೈದರಾಬಾದಿನಲ್ಲಿ ನ್ಯಾಯದ ವ್ಯಾಪಾರಕ್ಕೆ ಒಂಬತ್ತು ಸೂತ್ರಗಳು

ಪೋಚಂಪಲ್ಲಿಯ ಇಕ್ಕತ್, ನಾರಾಯಣಪೇಟೆಯ ಚೌಕಳಿ ಸೀರೆ, ಗದ್ವಾಲದ ಜರಿಯಂಚು, ಬೀದರಿನ ಬಿದರಿ ಕೆಲಸ, ಜಹೀರಾಬಾದಿನ ಸಿರಿಧಾನ್ಯ. ಎಲ್ಲವೂ ಹೈದರಾಬಾದಿನಿಂದ ಇನ್ನೂರು ಕಿಲೋಮೀಟರಿನೊಳಗೇ ಹುಟ್ಟುತ್ತವೆ. ಕೊಳ್ಳುವ ಶಕ್ತಿಯಿರುವ ಲಕ್ಷಾಂತರ ಸಂಸಾರಗಳೂ ಇದೇ ನಗರದಲ್ಲಿವೆ. ಆದರೂ ಮಾಡಿದವರ ಕೈಗೆ ಬೀಳುವುದು ಕೊಂಡವರು ಕೊಟ್ಟ ಹಣದ ಒಂದು ಪಾಲು ಮಾತ್ರ, ಅದೂ ತಡವಾಗಿ. ಬದುಕಲು ಸಾಕಾಗುವ ಬೆಲೆ, ಹೊತ್ತಿಗೆ ಸರಿಯಾಗಿ ಹಣ, ಮುಂದಿನ ವರ್ಷವೂ ಕೊಳ್ಳುತ್ತೇವೆಂಬ ಭರವಸೆ: ಫೇರ್ ಟ್ರೇಡ್ ಎಂದರೆ ಈ ಮೂರು. ಒಂದು ಮನೆಗೆ ಇದು ಭಾರವೆನಿಸಬಹುದು. ಅಪಾರ್ಟ್‌ಮೆಂಟ್ ಸಂಘ, ಆಫೀಸಿನ ಗೆಳೆಯರ ಗುಂಪು ಅಥವಾ ಕನ್ನಡ ಸಂಘ ಮನಸ್ಸು ಮಾಡಿದರೆ ಖಂಡಿತ ಆಗುವ ಕೆಲಸ.

1. ಒಬ್ಬರೇ ಕೊಳ್ಳಬೇಡಿ, ಗುಂಪಾಗಿ ಕೊಳ್ಳಿ.
ಯಾದಗಿರಿ, ರಾಯಚೂರು ಜಿಲ್ಲೆಗಳಿಗೆ ತಾಗಿಕೊಂಡಿರುವ ನಾರಾಯಣಪೇಟೆಯಲ್ಲಿ ಕನ್ನಡದ ಮಾತು ಇಂದಿಗೂ ಕೇಳಿಸುತ್ತದೆ. ಅಲ್ಲಿನ ಮಗ್ಗಗಳಲ್ಲಿ ಸಾಂಪ್ರದಾಯಿಕವಾಗಿ ಎಂಟು ಸೀರೆಗೆ ಆಗುವಷ್ಟು ಉದ್ದದ ಹಾಸನ್ನು ಒಂದೇ ಸಲಕ್ಕೆ ಏರಿಸುತ್ತಾರೆ. ಯಾರೋ ಒಬ್ಬರು ತಮ್ಮಿಷ್ಟದ ಬಣ್ಣದಲ್ಲಿ ಒಂದೇ ಸೀರೆ ಕೇಳಿದರೆ ಉಳಿದ ಏಳರ ಚಿಂತೆ ನೇಕಾರನ ತಲೆಗೆ ಬೀಳುತ್ತದೆ. ಎಂಟು ಮನೆಯವರು ಸೇರಿ ಹೇಳಿದರೆ ಹಾಸು ಪೂರ್ತಿಯಾಗುತ್ತದೆ, ಸೀರೆ ಮಗ್ಗದಿಂದ ಇಳಿಯುವ ಮೊದಲೇ ಮಾರಾಟವಾಗಿರುತ್ತದೆ. ಹಾಸಿನ ಬಣ್ಣ ಒಂದೇ ಇದ್ದರೂ ಹೊಕ್ಕಿನ ನೂಲು ಬದಲಿಸಿದರೆ ಪ್ರತಿ ಸೀರೆಗೂ ಬೇರೆ ಛಾಯೆ ಬರುತ್ತದೆ. ಎಲ್ಲರೂ ಒಂದೇ ಥರ ಕಾಣುತ್ತೇವೆಂಬ ಅಳುಕು ಬೇಡ.

2. ಅರ್ಧ ಹಣ ಮುಂಗಡ ಕೊಡಿ.
ಒಂಬತ್ತು ಸೂತ್ರಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ನೇಕಾರನಿಗೆ ಮೊದಲು ಬೇಕಾಗುವುದು ನೂಲು ಮತ್ತು ಬಣ್ಣ. ಕೈಯಲ್ಲಿ ಕಾಸಿಲ್ಲದಿದ್ದರೆ ವ್ಯಾಪಾರಿಯಿಂದ ಉದ್ರಿ ತರುತ್ತಾನೆ. ಉದ್ರಿ ತಂದ ಮೇಲೆ ಸೀರೆಯನ್ನು ಅವರಿಗೇ ಕೊಡಬೇಕು, ಅವರು ಹೇಳಿದ ಬೆಲೆಗೇ ಕೊಡಬೇಕು. ಆ ಸಾಲದ ಗಂಟು ಬಿಚ್ಚದೆ ಎಷ್ಟು ಹೆಚ್ಚಿನ ಬೆಲೆ ಕೊಟ್ಟರೂ ಅದು ನೇಕಾರನ ಮನೆ ತಲುಪುವುದಿಲ್ಲ. ಅದಕ್ಕೇ ವಿಶ್ವ ಫೇರ್ ಟ್ರೇಡ್ ಸಂಘಟನೆ ತನ್ನ ಹತ್ತು ತತ್ವಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದೆ: ಕರಕುಶಲ ವಸ್ತು ಮಾಡುವವರು ಕೇಳಿದರೆ ಕನಿಷ್ಠ ಶೇ. 50ರಷ್ಟು ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು. ಉಳಿದರ್ಧವನ್ನು ಮಾಲು ಕೈಸೇರಿದ ದಿನವೇ ಕೊಡಿ. 'ಮುಂದಿನ ತಿಂಗಳು ನೋಡೋಣ' ಅನ್ನುವುದು ನಮಗೆ ಸಣ್ಣ ಮಾತು, ಮಗ್ಗದ ಮನೆಯಲ್ಲಿ ಒಂದು ತಿಂಗಳ ದಿನಸಿ.

3. ಚೌಕಾಸಿಗೆ ಮೊದಲು ಕೆಲಸ ನೋಡಿ ಬನ್ನಿ.
ಪೋಚಂಪಲ್ಲಿ ನಗರದಿಂದ ಒಂದೆರಡು ಗಂಟೆಯ ದಾರಿ. ವಿನೋಬಾ ಭಾವೆ 1951ರಲ್ಲಿ ಭೂದಾನ ಚಳವಳಿ ಆರಂಭಿಸಿದ ಊರೂ ಅದೇ. ಅಲ್ಲಿ ಬಣ್ಣ ಹಾಕುವ ಮೊದಲು ನೂಲನ್ನು ಅರ್ಧವೃತ್ತಾಕಾರದಲ್ಲಿ ನೆಟ್ಟ ಗೂಟಗಳ ಸುತ್ತ ಎಳೆಎಳೆಯಾಗಿ ಸುತ್ತುವ 'ಆಸು' ಎಂಬ ಕೆಲಸವಿದೆ. ಕೈಯಲ್ಲಿ ಮಾಡಿದರೆ ಒಂದು ಸೀರೆಗೆ ಸುಮಾರು ಒಂಬತ್ತು ಸಾವಿರ ಸಲ ತೋಳು ಆಚೀಚೆ ಆಡಬೇಕು. ಹೆಚ್ಚಾಗಿ ಇದನ್ನು ಮಾಡುತ್ತ ಬಂದವರು ಮನೆಯ ಹೆಂಗಸರು. ತಾಯಿಯ ಭುಜದ ನೋವನ್ನು ನೋಡಲಾಗದೆ ಚಿಂತಕಿಂದಿ ಮಲ್ಲೇಶಂ ಇದಕ್ಕಾಗಿ ಯಂತ್ರವನ್ನೇ ಕಟ್ಟಿದರು, ಅದಕ್ಕೆ ತಾಯಿಯ ಹೆಸರಿಟ್ಟು 'ಲಕ್ಷ್ಮಿ ಆಸು' ಎಂದು ಕರೆದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಸು ಮುಗಿದ ಮೇಲೆ ಕಟ್ಟುವುದು, ಬಣ್ಣದಲ್ಲಿ ಅದ್ದುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಇದೆ. ನೇಯ್ಗೆ ಶುರುವಾಗುವುದು ಆಮೇಲೆ. ಇದನ್ನೆಲ್ಲ ಕಣ್ಣಾರೆ ಕಂಡವರ ಬಾಯಲ್ಲಿ 'ಲಾಸ್ಟ್ ಎಷ್ಟು?' ಎಂಬ ಪ್ರಶ್ನೆ ಬರಲಾರದು. ಅಪಾರ್ಟ್‌ಮೆಂಟಿನ ಪಿಕ್ನಿಕ್ ಅನ್ನು ಈ ಸಲ ಅಲ್ಲಿಗೇ ಇಟ್ಟುಕೊಳ್ಳಿ, ಮಕ್ಕಳನ್ನೂ ಕರೆದೊಯ್ಯಿರಿ.

4. ಅಸಲಿ ಯಾವುದು, ನಕಲಿ ಯಾವುದು ತಿಳಿದುಕೊಳ್ಳಿ.
ಪೋಚಂಪಲ್ಲಿ ಇಕ್ಕತ್‌ಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದರೂ ಅದೇ ವಿನ್ಯಾಸವನ್ನು ಬಟ್ಟೆಯ ಮೇಲೆ ಅಚ್ಚೊತ್ತಿ ಇಕ್ಕತ್ ಎಂದೇ ಮಾರುತ್ತಾರೆ. ಸೆರಗನ್ನು ಮಗುಚಿ ನೋಡಿ. ನೂಲಿಗೇ ಬಣ್ಣ ಹಾಕಿ ನೇಯ್ದದ್ದಾದರೆ ಎರಡೂ ಬದಿ ಒಂದೇ ಗಾಢತೆಯಲ್ಲಿರುತ್ತದೆ, ಚಿತ್ರದ ಅಂಚು ತುಸು ಕಲಸಿದಂತಿರುತ್ತದೆ. ಅಚ್ಚಿನದಾದರೆ ಹಿಂಬದಿ ಮಂಕಾಗಿರುತ್ತದೆ, ಗೆರೆ ನೆಟ್ಟಗಿರುತ್ತದೆ. ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್, ಸಾವಯವ ಧಾನ್ಯಕ್ಕೆ ಪಿಜಿಎಸ್ ಗುರುತು ಇದೆಯೇ ನೋಡಿ. ಗುರುತು ಕಾಣದಿದ್ದರೆ ಯಾವ ಊರಿನದು, ಯಾರು ನೇಯ್ದದ್ದು ಎಂದು ಕೇಳಿ.

5. ರೈತು ಬಜಾರಿನ ಬೋರ್ಡು ಓದಿ.
1999ರಲ್ಲಿ ಶುರುವಾದ ರೈತು ಬಜಾರುಗಳು ಮೆಹದಿಪಟ್ಟಣ, ಎರ್ರಗಡ್ಡ, ಕೂಕಟ್‌ಪಲ್ಲಿಗಳಲ್ಲಿವೆ. ದಲ್ಲಾಳಿಯಿಲ್ಲದೆ ರೈತರೇ ಮಾರಲೆಂದು ಮಾಡಿದ ವ್ಯವಸ್ಥೆ ಇದು. ದಿನದ ಬೆಲೆಯನ್ನು ಬೋರ್ಡಿನಲ್ಲಿ ಬರೆದಿರುತ್ತಾರೆ. ಅದರಿಂದ ಒಂದು ರೂಪಾಯಿಯನ್ನೂ ಇಳಿಸಲು ಕೇಳಬೇಡಿ.

6. ಜಹೀರಾಬಾದಿನ ಹೊಲ ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳಿ.
ಮುಂಬೈ ಹೆದ್ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ಹೋದರೆ ಜಹೀರಾಬಾದ್. ಬೀದರಿನವರಿಗೆ ಪಕ್ಕದೂರು. ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ದೂರದರ್ಶನದ ಕೆಲಸ ಬಿಟ್ಟು ದಲಿತ ರೈತ ಮಹಿಳೆಯರ ಸಂಘಗಳ ಜತೆ ಬದುಕು ಕಳೆದು 2023ರ ಮಾರ್ಚಿನಲ್ಲಿ ತೀರಿಕೊಂಡರು. ಆ ಸಂಘಗಳಿಗೆ ತಮ್ಮದೇ ಬೀಜ ಭಂಡಾರಗಳಿವೆ, 2008ರಿಂದ ತಮ್ಮದೇ ರೇಡಿಯೊ ಇದೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿಯೂ ಬಂತು. ಇಷ್ಟು ದೊಡ್ಡ ಕೆಲಸ ನಡೆದಿರುವುದು ಹೈದರಾಬಾದಿನ ಕನ್ನಡಿಗರಲ್ಲೇ ಅನೇಕರಿಗೆ ಗೊತ್ತಿಲ್ಲ, ನನಗೆ ಇದು ಬೇಸರದ ಸಂಗತಿ.

ಆ ಹೆಂಗಸರು ಒಂದೇ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಅಲಸಂದೆ ಎಲ್ಲ ಬೆರೆಸಿ ಬಿತ್ತುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ನಗರದವರು ಯಾವುದೋ ವೀಡಿಯೊ ನೋಡಿ ಈ ವರ್ಷ ನವಣೆ ಮಾತ್ರ, ಮುಂದಿನ ವರ್ಷ ಸಾಮೆ ಮಾತ್ರ ಎಂದು ಕೇಳುತ್ತ ಹೋದರೆ ಆ ಬೆರಕೆ ಬೇಸಾಯಕ್ಕೇ ಪೆಟ್ಟು. ಸಂಘಗಳೊಡನೆ ಮಾತಾಡಿ, ನಾಲ್ಕಾರು ಧಾನ್ಯ, ಎರಡು ಬೇಳೆ ಸೇರಿಸಿ ಮನೆಗೊಂದು ಚೀಲ ಎಂದು ಸುಗ್ಗಿಯಲ್ಲೇ ಒಟ್ಟಿಗೆ ತರಿಸಿ. ಅಷ್ಟು ದೂರ ಆಗದವರಿಗೆ ತಾರ್ನಾಕದಲ್ಲಿ ರೈತ ಸಹಕಾರಿಗಳ 'ಸಹಜ ಆಹಾರಂ' ಇದೆ.

7. ತೀರ ಅಗ್ಗವಾದರೆ ಅನುಮಾನಿಸಿ.
2015ರ ಜನವರಿಯಲ್ಲಿ ಹೈದರಾಬಾದಿನ ಹಳೇ ನಗರದ ಬಳೆ ತಯಾರಿಕೆಯ ಕೋಣೆಗಳಿಂದ ಪೊಲೀಸರು ನೂರಾರು ಮಕ್ಕಳನ್ನು ಬಿಡಿಸಿದರು. ಬಹುಪಾಲು ಬಿಹಾರದ ಬಡ ಮನೆಗಳ ಮಕ್ಕಳು. ಮದುವೆಗೆ ಡಜನ್‌ಗಟ್ಟಲೆ ಬಳೆ ಕೊಳ್ಳುವ ನಾವು, ಅಗ್ಗದ ಬೆಲೆಯ ಹಿಂದೆ ಮಕ್ಕಳ ದುಡಿಮೆ ಇರಬಹುದೆಂಬುದನ್ನು ಮರೆಯಬಾರದು. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಲಾಡ್ ಬಜಾರಿನಲ್ಲಿ ಕಣ್ಣೆದುರೇ ಅರಗು ಕಾಯಿಸಿ, ಉರುಟಿ, ಹರಳು ಕೂರಿಸುವ ಕುಶಲಕರ್ಮಿಗಳಿದ್ದಾರೆ. ಅವರಿಂದ ಕೊಳ್ಳಿ. ದುಡಿಯುವ ಮಗು ಕಂಡರೆ 1098ಕ್ಕೆ ಕರೆ ಮಾಡಿ.

8. ಸಂಘದ ಶಾಲು ಮತ್ತು ಸ್ಮರಣಿಕೆಯನ್ನು ಬದಲಿಸಿ.
ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಮೊದಲಾಗಿ ಈ ನಗರದಲ್ಲಿ ಕನ್ನಡದ ಹಳೆಯ ನೆಲೆಗಳಿವೆ. ರಾಜ್ಯೋತ್ಸವ, ಯುಗಾದಿ, ದಾಸರ ಆರಾಧನೆ ಎಂದು ಕನ್ನಡಿಗರು ಸೇರಿದಲ್ಲೆಲ್ಲ ಸನ್ಮಾನ ಇದ್ದೇ ಇರುತ್ತದೆ. ಪಾಲಿಯೆಸ್ಟರ್ ಶಾಲು ಮತ್ತು ಪ್ಲಾಸ್ಟಿಕ್ ಫಲಕಗಳನ್ನು ಸನ್ಮಾನಿತರು ಮನೆಯಲ್ಲಿಡಲು ಜಾಗ ಹುಡುಕುತ್ತಾರೆ. ಬದಲಿಗೆ ಕೈಮಗ್ಗದ ಉತ್ತರೀಯ ಹೊದಿಸಿ. ಸತು, ತಾಮ್ರದ ಎರಕದಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಸಣ್ಣ ಬಿದರಿ ಡಬ್ಬಿ ಕೊಡಿ. ಬೀದರಿನ ಕುಶಲಕರ್ಮಿಗಳಿಂದಲೇ ನೇರವಾಗಿ ತರಿಸಿ. ಹತ್ತು ಫಲಕದ ಬದಲು ಐದೇ ಡಬ್ಬಿ ಬಂದರೂ ಸನ್ಮಾನದ ತೂಕ ಕಡಿಮೆಯಾಗದು.

9. ಹೊಣೆಗೆ ಮೂರು ಜನ ನಿಲ್ಲಲಿ.
ಇಂಗ್ಲೆಂಡಿನ ಗಾರ್‌ಸ್ಟಾಂಗ್ ಎಂಬ ಪುಟ್ಟ ಪಟ್ಟಣ 2000ದಲ್ಲಿ ಜಗತ್ತಿನ ಮೊದಲ ಫೇರ್ ಟ್ರೇಡ್ ಪಟ್ಟಣವಾದದ್ದು ಕೆಲವೇ ನಾಗರಿಕರು ಅಂಗಡಿ, ಶಾಲೆ, ಚರ್ಚುಗಳ ಬಾಗಿಲು ತಟ್ಟಿದ್ದರಿಂದ. ನಿಮ್ಮಲ್ಲೂ ಒಬ್ಬರು ಆರ್ಡರ್ ಬರೆದುಕೊಳ್ಳಲಿ, ಒಬ್ಬರು ಹಣದ ಲೆಕ್ಕ ಇಡಲಿ, ಒಬ್ಬರು ನೇಕಾರರ ಜತೆ ಮಾತಾಡಲಿ. ಎಷ್ಟು ಸೇರಿತು, ಮಾಡಿದವರಿಗೆ ಎಷ್ಟು ಹೋಯಿತು, ಸಾಗಣೆಗೆ ಎಷ್ಟಾಯಿತು ಎಂಬುದನ್ನು ನೋಟಿಸ್ ಬೋರ್ಡಿಗೆ ಹಾಕಿ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 1905ರಲ್ಲಿ ಸ್ವದೇಶಿ ಚಳವಳಿ ಘೋಷಣೆಯಾದ ದಿನದ ನೆನಪು. ಅಂದೇ ಸಭೆ ಕರೆದು ಮುಂಗಡ ಕಳಿಸಿದರೆ ನವೆಂಬರ್ 1ರ ರಾಜ್ಯೋತ್ಸವಕ್ಕೆ ಉತ್ತರೀಯ ಬರಲು ಹೆಚ್ಚುಕಡಿಮೆ ಮೂರು ತಿಂಗಳು ಸಿಗುತ್ತದೆ. ಮಗ್ಗದವರಿಗೆ ಅಷ್ಟು ಸಮಯ ಬೇಕು, ದಯವಿಟ್ಟು ಅಕ್ಟೋಬರಿನವರೆಗೆ ಕಾಯಬೇಡಿ.