ಅಜ್ಜಿಯ ಬೀಜದ ಗಡಿಗೆ

ನಮ್ಮದು ತುಮಕೂರು ಜಿಲ್ಲೆ, ಶಿರಾ ಕಡೆ. ಮಳೆ ನಂಬಿದ ಬೇಸಾಯ. ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮನೆಯ ಬಿತ್ತನೆ ಬೀಜವೆಲ್ಲ ಅವಳ ಕೈಯಲ್ಲಿತ್ತು.

ಕೊಯ್ಲಿಗೆ ಮುಂಚೆಯೇ ಅಜ್ಜಿ ಹೊಲಕ್ಕೆ ಹೋಗುತ್ತಿದ್ದಳು. ರೋಗ ಇಲ್ಲದ, ಕಾಳು ತುಂಬಿದ ತೆನೆ ಆರಿಸುತ್ತಿದ್ದಳು. ಅವನ್ನು ಬೇರೆಯಾಗಿ ಬಡಿದು, ಚೆನ್ನಾಗಿ ಒಣಗಿಸುತ್ತಿದ್ದಳು. ರಾಗಿ ಬೀಜಕ್ಕೆ ಒಲೆಯ ಬೂದಿ ಬೆರೆಸುತ್ತಿದ್ದಳು. ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದಳು. ಅವರೆಗೆ ಒಣಗಿದ ಬೇವಿನ ಸೊಪ್ಪು ಹಾಕುತ್ತಿದ್ದಳು. ಗಡಿಗೆಗೆ ತುಂಬಿ, ಮುಚ್ಚಳ ಇಟ್ಟು, ಸುತ್ತ ಸಗಣಿ ಮೆತ್ತುತ್ತಿದ್ದಳು.

ನಮ್ಮ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಅಪ್ಪ ಕೂರಿಗೆ ಹೊಡೆದರೆ ಅಜ್ಜಿ ಸಡ್ಡೆ ಹಿಡಿದು ಅಕ್ಕಡಿ ಬೀಜ ಬಿಡುತ್ತಿದ್ದಳು. "ಒಂದು ಬೆಳೆ ಹೋದ್ರೆ ಇನ್ನೊಂದು ಕೈ ಹಿಡೀತದೆ" ಅನ್ನುತ್ತಿದ್ದಳು. ಅವರೆ, ತೊಗರಿ ನೆಲಕ್ಕೆ ಸಾರವನ್ನೂ ಕೊಡುತ್ತವೆ.

1985ರಲ್ಲಿ ಬರ ಬಂತು. ರಾಗಿ ಒಣಗಿ ಹೋಯಿತು. ಮನೆಯ ಕಾಳು ಮುಗಿಯಿತು. ಉಳಿದದ್ದು ಬೀಜದ ಗಡಿಗೆ ಮಾತ್ರ.

ಒಂದು ಸಂಜೆ ಅಪ್ಪ ಹೇಳಿದ: "ಅವ್ವಾ, ಮಕ್ಕಳು ಹಸಿದವೆ. ಆ ಗಡಿಗೆ ತೆಗಿ."

ಅಜ್ಜಿ ಗಡಿಗೆಗೆ ಅಡ್ಡ ಕೂತಳು. "ಬ್ಯಾಡ ಕಣಪ್ಪ. ಇವತ್ತು ಇದನ್ನ ಉಂಡ್ರೆ, ಮಳೆ ಬಂದಾಗ ಏನ್ ಬಿತ್ತೀಯ?"

ಅಪ್ಪ ಸಿಟ್ಟಿನಿಂದ ಎದ್ದು ಹೋದ. ಅಜ್ಜಿ ಆ ರಾತ್ರಿ ಉಣ್ಣಲಿಲ್ಲ. ಬೆಳಗಾಗೆದ್ದು ಕಲ್ಲು ಒಡೆಯುವ ಕೂಲಿಗೆ ಹೋದಳು. ಬರುವಾಗ ಕೆರೆ ಅಂಗಳದ ಹೊನಗೊನೆ ಸೊಪ್ಪು ತಂದಳು. ನಾವು ಸೊಪ್ಪು, ಗಂಜಿ ಕುಡಿದು ದಿನ ದೂಡಿದೆವು.

ಮರುವರ್ಷ ಪುನರ್ವಸು ಮಳೆ ಹದವಾಗಿ ಬಿತ್ತು. ಊರಲ್ಲಿ ಬಹಳ ಜನರ ಹತ್ತಿರ ಬೀಜ ಇರಲಿಲ್ಲ. ಅಜ್ಜಿ ಗಡಿಗೆ ಬಿಚ್ಚಿದಳು. ನಮ್ಮ ಹೊಲಕ್ಕೆ ಆಗಿ ಉಳಿದದ್ದನ್ನು ಮೊರದಲ್ಲಿ ಹಾಕಿ ಅಕ್ಕಪಕ್ಕದವರಿಗೆ ಕೊಟ್ಟಳು. "ಬೆಳೆದ ಮೇಲೆ ಬೀಜವನ್ನೇ ತಿರುಗಿ ಕೊಡಿ" ಅಂದಳು. ಅಪ್ಪ ಏನೂ ಮಾತಾಡಲಿಲ್ಲ. ಕೂರಿಗೆ ಕಟ್ಟಿದ.

ಅಜ್ಜಿ 1998ರಲ್ಲಿ ತೀರಿಕೊಂಡಳು. ಆ ಸಲ ನಾವೇ ಬೀಜ ಕಟ್ಟಿದೆವು. ಅವರೆ ಸರಿಯಾಗಿ ಒಣಗಿರಲಿಲ್ಲ. ಬಿತ್ತನೆ ಹೊತ್ತಿಗೆ ಕಾಳೆಲ್ಲ ತೂತು. ಅಜ್ಜಿಯ ಸೊಗಡಿನ ಅವರೆ ಹೋಯ್ತಲ್ಲ ಅಂತ ನಾನು ಅತ್ತೆ.

ಪಕ್ಕದ ಮನೆ ದೊಡ್ಡವ್ವ ಒಂದು ಸೇರು ಅವರೆ ತಂದಳು. "ಅಳಬ್ಯಾಡ ಮಗಾ. ಬರದ ಮರುವರ್ಷ ನಿಮ್ಮಜ್ಜಿ ಕೊಟ್ಟಿದ್ದೇ ಇದು. ನಮ್ಮನೇಲಿ ಇನ್ನೂ ಅದೆ" ಅಂದಳು. ಅಜ್ಜಿ ಕೊಟ್ಟದ್ದೇ ಉಳಿದಿತ್ತು.

ಬೀಜ ಉಳಿಯಿತು. ಆದರೆ ಅಜ್ಜಿಗೆ ಗೊತ್ತಿದ್ದ ಎಷ್ಟೋ ವಿಷಯ ಅವಳ ಜೊತೆಗೇ ಹೋಯಿತು. ಈಗ ನಾನು ಅಕ್ಷರ ಕಲಿತಿದ್ದೇನೆ. ದೊಡ್ಡವ್ವ ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿದ್ದೇನೆ. ಪ್ರತಿ ಗಡಿಗೆಗೂ ಚೀಟಿ ಅಂಟಿಸಿದ್ದೇನೆ. ಬೀಜದ ಹೆಸರು, ಕಟ್ಟಿದ ತಿಂಗಳು, ಬೆರೆಸಿದ್ದು ಏನು ಅಂತ.

ತಿಳಿದಿರಲಿ

1. ಬಿತ್ತುವ ಮುಂಚೆ 100 ರಾಗಿ ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿತ್ತನೆಗೆ ಬೇಡ.
2. ಹೈಬ್ರಿಡ್ ಬೆಳೆಯಿಂದ ಬೀಜ ಉಳಿಸಿದರೆ ಮುಂದಿನ ಬೆಳೆ ಮೊದಲಿನಂತೆ ಬರುವುದಿಲ್ಲ.
3. ಅಂಗಡಿ ಬೀಜಕ್ಕೆ ಔಷಧ ಹಚ್ಚಿರುತ್ತಾರೆ. ಉಳಿದರೆ ಅಡುಗೆ ಮಾಡಬೇಡಿ. ಅದು ವಿಷ.
4. ನಾವು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ನಮಗಿದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಹಾಗೆ ಹೇಳುತ್ತದೆ. ಆದರೆ ಕಾಯ್ದೆಯಲ್ಲಿ ನೋಂದಾಯಿಸಿದ ತಳಿಯನ್ನು ಅದರ ಹೆಸರು ಹಾಕಿ, ಪೊಟ್ಟಣ ಕಟ್ಟಿ ಮಾರುವಂತಿಲ್ಲ.

ಮಾತಾಡೋಣ

ಅಪ್ಪ ಹೇಳಿದ್ದು ಸರಿಯೋ, ಅಜ್ಜಿ ಮಾಡಿದ್ದು ಸರಿಯೋ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬರೆಯೋಣ

ನಿಮ್ಮ ಅಜ್ಜಿಗೆ ಗೊತ್ತಿದ್ದ ಒಂದು ಕೆಲಸವನ್ನು ಐದು ಸಾಲಿನಲ್ಲಿ ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ.